ಏರಿಯ ಮೇಲೆ ಮೊದಲ ಗಿಡ ನೆಟ್ಟವರಿಗೆ

ಜಾಲಿಕೊಳ್ಳ, 30 ಫೆಬ್ರುವರಿ 2187

ನಮ್ಮ ಕುಡಿಯುವ ನೀರಿನ ಕಟ್ಟೆಯ ಏರಿಯಿಂದ ಒಸರುವ ನೀರು ನಿನ್ನೆ ಬೆಳಿಗ್ಗೆಯಿಂದ ಕೆಂಪಾಗಿ ಬರುತ್ತಿದೆ. ಅದುವರೆಗೆ ಅದು ತಿಳಿಯಾಗಿತ್ತು. ಇದನ್ನು ಮೊದಲು ಕಂಡು ಊರಿಗೆ ತಿಳಿಸಿದವರು ಪಾಳಿಯಲ್ಲಿದ್ದ ಫಕೀರವ್ವ. ಕಟ್ಟೆಯ ಇಂಜಿನಿಯರ್ ಶಮೀಮಬಾನು ನದಾಫ ಅವರು ಕೂಡಲೇ ಅಲ್ಲಿಗೆ ಹೋಗಿ, ಗಾಜಿನ ಲೋಟದಲ್ಲಿ ನೀರು ಹಿಡಿದು, ತಳದಲ್ಲಿ ಮಣ್ಣು ಕೂರುವುದನ್ನು ನೋಡಿ, ಫಕೀರವ್ವ ಹೇಳಿದ್ದು ಸರಿಯೆಂದು ಖಚಿತಪಡಿಸಿದರು. ಏರಿಯ ಒಳಗಿನ ಮಣ್ಣು ನೀರಿನ ಜೊತೆ ಹೊರಗೆ ಬರುತ್ತಿದೆ ಎಂಬುದು ಇದರ ಅರ್ಥ. ಕೆಂಪು ನೀರು ಕಾಣಿಸಿಕೊಂಡಿರುವುದು ಇಳಿಜಾರಿನ ಕೆಳಭಾಗದಲ್ಲಿರುವ ಒಂದು ಬೇವಿನ ಬುಡದಲ್ಲಿ. ಆ ಬೇವು ಫಕೀರವ್ವನವರ ತೀರಿಹೋದ ಮಗಳು ಸಾವಂತ್ರಿಯ ಹೆಸರಿನದು.

ಹಿರಿಯರಾದ ನಿಮಗೆ ಶರಣು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಮೇ ತಿಂಗಳ ಕೊನೆಗೆ ಇಟ್ಟುಕೊಂಡು ‘ಹೊರದಿನ’ ಎನ್ನುತ್ತೇವೆ. ಅವು ಯಾವ ತಿಂಗಳಿಗೂ ಸೇರುವುದಿಲ್ಲ, ಆ ದಿನಗಳಲ್ಲಿ ಊರಿಗೆ ಊರೇ ಕಟ್ಟೆಯ ಹೂಳು ತೆಗೆಯುತ್ತದೆ. ಇಂಥ ಇನ್ನೂ ಕೆಲವು ಪದಗಳು ಈ ಕಾಗದದಲ್ಲಿ ಬರುತ್ತವೆ. ನಿಮ್ಮ ಕಾಲದ ದಿನಪತ್ರಿಕೆಗಳ ಕನ್ನಡವನ್ನು ನೋಡಿ ನೋಡಿ ಬರೆಯುತ್ತಿದ್ದೇನೆ, ಆದರೂ ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಬೇಕು. ಜನ ಆಡಿದ ಮಾತನ್ನು ಮಾತ್ರ ಆಡಿದ ಹಾಗೆಯೇ ಬರೆದಿದ್ದೇನೆ. ಅದು ನಿಮ್ಮ ಕಾಲಕ್ಕಿಂತ ಬಹಳ ಬದಲಾಗಿರಲಾರದು ಎಂದು ನನ್ನ ಊಹೆ.

ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ಏರಿಯ ಮೇಲಿನ ಯಾವ ಗಿಡವನ್ನು ಕಡಿಯುವುದಿದ್ದರೂ ಅದನ್ನು ನೆಟ್ಟವರಿಗೆ ಮೊದಲು ತಿಳಿಸಬೇಕೆಂಬುದು ಇಲ್ಲಿಯ ಕಟ್ಟಳೆ. ಇದಕ್ಕೆ ‘ಗಿಡದ ಹೇಳಿಕೆ’ ಎಂದು ಹೆಸರು. ನೆಟ್ಟವರು ಬದುಕಿದ್ದರೆ ಮನೆಗೆ ಹೋಗಿ ಹೇಳುತ್ತೇವೆ. ಬದುಕಿಲ್ಲದಿದ್ದರೆ ಅವರ ಹೆಸರಿಗೆ ಕಾಗದ ಬರೆದು, ಗಿಡದ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇವೆ. ಈವರೆಗೆ ಗಾಳಿಗೆ ವಾಲಿದ ಒಂದೆರಡು ಗಿಡಗಳನ್ನು ನೆಟ್ಟವರಿಗೆ ಬಿಟ್ಟರೆ ಯಾರಿಗೂ ಹೀಗೆ ಬರೆದದ್ದಿಲ್ಲ. ಈಗ ಏರಿಯ ಮೊತ್ತಮೊದಲ ಗಿಡವೂ ಹೋಗಬೇಕಾಗಿದೆ. ಅದನ್ನು ನೆಟ್ಟವರು ನೀವು. ನಿಮ್ಮ ಹೆಸರು ನಮಗೆ ಉಳಿದು ಬಂದಿಲ್ಲ. ಆದ್ದರಿಂದ ನಿಮ್ಮ ಕಾಲದ ಎಲ್ಲರಿಗೂ ಸೇರಿಸಿ ಬರೆಯಲು ಊರಿನ ಸಭೆ ನನಗೆ ಹೇಳಿತು. ನನ್ನ ಹೆಸರು ಗುರುಬಸವ. ದಿನವೂ ಬೆಳಿಗ್ಗೆ ಊರ ಬಾಗಿಲಾದ ಅಗಸಿಯ ಮುಂದೆ ನಿಂತು ‘ಕಟ್ಟೆಮಾತು’ ಓದುವುದು ನನ್ನ ಕೆಲಸ: ಕಟ್ಟೆಯಲ್ಲಿ ನೀರು ಎಷ್ಟಿದೆ, ಬಣ್ಣ ಹೇಗಿದೆ, ಪಾಳಿಯವರು ಏನು ಕಂಡರು, ಯಾವ ಓಣಿಗೆ ಎಷ್ಟು ಹೊತ್ತು ನಲ್ಲಿ ಬರುತ್ತದೆ. ನಿಮ್ಮಲ್ಲಿ ಮನೆಗೆ ಪತ್ರಿಕೆ ಬರುತ್ತಿದ್ದ ಹಾಗೆ ಇದು.

ನೀವು ಕಟ್ಟಿದ ಕಟ್ಟೆ ಇನ್ನೂ ನಿಂತಿದೆ ಎಂಬುದನ್ನು ಮೊದಲು ಹೇಳಬೇಕಿತ್ತು. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ನೀವು ಹಾಕಿದ ಮಣ್ಣಿನ ಏರಿ, ಬಲಕ್ಕೆ ಕಲ್ಲಿನ ಕೋಡಿ, ನಡುವೆ ತೂಬು, ಎಲ್ಲವೂ ಇವೆ. ತೂಬಿನ ಬಾಗಿಲು ಮಾತ್ರ ಎರಡು ಸಲ ಬದಲಾಗಿದೆ. ದೂರದ ಹೊಳೆಯಿಂದ ಪೈಪಿನಲ್ಲಿ ಬರುತ್ತಿದ್ದ ನೀರು ನನ್ನ ಅಜ್ಜಿಯ ಕಾಲದಲ್ಲೇ ನಿಂತಿತು. ಬೋರ್‌ವೆಲ್ ಎಂಬುದು ನಮ್ಮ ಮಕ್ಕಳಿಗೆ ಪಾಠದಲ್ಲಿ ಬರುವ ಪದ. ಆದ್ದರಿಂದ ಜಾಲಿಕೊಳ್ಳದ ನೂರಿಪ್ಪತ್ತು ಮನೆಗಳು ಕುಡಿಯುವುದು, ಅಡಿಗೆ ಮಾಡುವುದು ಈ ಒಂದೇ ಕಟ್ಟೆಯ ನೀರಿನಿಂದ. ಮಳೆ ಜುಲೈ ನಡುವಿಗೆ ಬರುತ್ತದೆ, ಒಮ್ಮೊಮ್ಮೆ ಒಂದೇ ವಾರದಲ್ಲಿ ಸುರಿದು ಹೋಗುತ್ತದೆ. ಅಷ್ಟರಲ್ಲಿ ಹಿಡಿದದ್ದನ್ನು ಮುಂದಿನ ಮಳೆಯವರೆಗೆ ಕಾಯಬೇಕು.

ಪ್ರತಿ ಮನೆಯ ನೆಲದಡಿಯಲ್ಲಿ ಒಂದು ತೊಟ್ಟಿ ಇದೆ. ಮೈ ತೊಳೆದ ನೀರನ್ನು ‘ಎರಡನೆಯ ನೀರು’ ಎನ್ನುತ್ತೇವೆ. ಅದು ಬಟ್ಟೆಗೆ, ನಂತರ ನೆಲಕ್ಕೆ, ಕೊನೆಗೆ ಹಿತ್ತಲ ಸೊಪ್ಪಿಗೆ ಹೋಗುತ್ತದೆ. ಮನೆಗೆ ಬಂದವರಿಗೆ ತಂಬಿಗೆ ತುಂಬ ಕೊಡುವ ಬದಲು ಅರ್ಧ ತಂಬಿಗೆ ಕೊಟ್ಟು, ಬೇಕೆಂದರೆ ಮತ್ತೆ ಹಾಕುವುದು ಮರ್ಯಾದೆ. ಪೂರ್ತಿ ಕೊಟ್ಟು ಅವರು ಉಳಿಸಿ ಹೋದರೆ ಇಬ್ಬರಿಗೂ ಅವಮಾನ. ಮಾರ್ಚಿನಿಂದ ಜೂನ್‌ವರೆಗೆ ಹೊಲದ ಕೆಲಸವೂ ಶಾಲೆಯೂ ನಸುಕಿಗೆ ಶುರುವಾಗಿ ಬಿಸಿಲೇರುವ ಮೊದಲು ಮುಗಿಯುತ್ತವೆ. ಆಮೇಲೆ ಜನ ಒಳಗಿರುತ್ತಾರೆ, ಇಲ್ಲವೆ ಏರಿಯ ಮೇಲೆ ಇರುತ್ತಾರೆ. ಊರಿನಲ್ಲಿ ನೆರಳು ಇರುವ ದೊಡ್ಡ ಜಾಗ ಏರಿ ಒಂದೇ.

ಆ ನೆರಳಿನ ವಿಷಯವನ್ನೇ ನಿಮಗೆ ಹೇಳಬೇಕಾಗಿದೆ.

ಕಟ್ಟೆ ಕಟ್ಟಲು ಊರೂರು ಓಡಾಡಿದ ಒಬ್ಬ ಹಿರಿಯರು ತೀರಿಕೊಂಡಾಗ ಅವರ ನೆನಪಿಗೆ ನೀವು ಏರಿಯ ನೆತ್ತಿಯ ಮೇಲೆ ಒಂದು ಹೊಂಗೆ ನೆಟ್ಟಿರಿ ಎಂದು ನಾವು ಕೇಳುತ್ತ ಬಂದಿದ್ದೇವೆ. ಬೇರು ಮಣ್ಣನ್ನು ಹಿಡಿಯುತ್ತದೆ, ಏರಿ ಗಟ್ಟಿಯಾಗುತ್ತದೆ ಎಂದು ನೀವು ನಂಬಿದ್ದಿರಬೇಕು. ಮುಂದಿನ ವರ್ಷ ಇನ್ನೊಬ್ಬರ ಹೆಸರಿನಲ್ಲಿ ಇನ್ನೊಂದು ಗಿಡ ಬಂತು. ನಿಮ್ಮ ಮಕ್ಕಳ ಕಾಲಕ್ಕೆ ಅದು ಪದ್ಧತಿಯಾಯಿತು. ಈಗ ಯಾರೇ ಸತ್ತರೂ ಅವರ ಬೂದಿಯನ್ನೋ ಗೋರಿಯ ಮಣ್ಣಿನ ಒಂದು ಹಿಡಿಯನ್ನೋ ಏರಿಯ ಮೇಲೆ ಗುಂಡಿ ತೋಡಿ ಹಾಕಿ, ಅದರ ಮೇಲೆ ಗಿಡ ನೆಡುತ್ತೇವೆ. ಅದು ‘ಹೆಸರುಗಿಡ’. ಸುಡುವವರೂ ಹೂಳುವವರೂ, ಎಲ್ಲ ಜಾತಿಯವರೂ, ಶಮೀಮಬಾನು ಅವರ ಮನೆತನದವರೂ ಇದನ್ನು ಮಾಡುತ್ತ ಬಂದಿದ್ದಾರೆ. ಸತ್ತವರು ಏರಿಯನ್ನು ಹಿಡಿದುಕೊಂಡು ನಿಂತಿರುತ್ತಾರೆ ಎಂಬುದು ನಮ್ಮ ಮಾತು. ದೂರದಿಂದ ನೋಡಿದರೆ ಅದು ಏರಿ ಎಂದು ಗೊತ್ತಾಗುವುದಿಲ್ಲ, ಒಂದು ತೋಪಿನ ಹಾಗೆ ಕಾಣುತ್ತದೆ. ಹೊಸ ಸೊಸೆ ಬಂದರೆ ಮೊದಲು ಅಲ್ಲಿಗೆ ಕರೆದೊಯ್ದು, ಇವರು ನಿನ್ನ ಮಾವನ ತಾಯಿ, ಇವರು ದೊಡ್ಡಪ್ಪ ಎಂದು ಗಿಡಗಳನ್ನು ತೋರಿಸುತ್ತಾರೆ. ಜಗಳ ಬಂದರೆ ‘ನಡಿ, ನಮ್ಮ ಅಜ್ಜನ ಮುಂದ ನಿಂತು ಹೇಳು’ ಎಂದು ಏರಿಗೆ ಕರೆಯುತ್ತಾರೆ. ಅಲ್ಲಿ ಸುಳ್ಳು ಹೇಳಿದವರು ಕಡಿಮೆ.

ಹಿಂದಿನ ಇಂಜಿನಿಯರುಗಳು ಎಚ್ಚರಿಸಲಿಲ್ಲ ಎಂದಲ್ಲ. ನನ್ನ ತಂದೆಯ ಕಾಲದಲ್ಲಿ ಒಬ್ಬರು ಗಿಡಗಳನ್ನೆಲ್ಲ ತೆಗೆಯಲು ಹೇಳಿದ್ದರು. ಗಿಡ ಮುಟ್ಟುವುದು ಬೇಡ, ಬೇಕಾದರೆ ಏರಿಯನ್ನೇ ಇನ್ನಷ್ಟು ಎತ್ತರ ಮಾಡಿ ಎಂದು ಸಭೆ ಉತ್ತರ ಕೊಟ್ಟಿತು. ಏರಿ ಒಂದು ಮೊಳ ಎತ್ತರವಾಯಿತು. ಹೊಸ ಮಣ್ಣಿನ ಮೇಲೆ ಹೊಸ ಗಿಡಗಳು ಬಂದವು.

ಗಿಡದಿಂದ ಏನು ಕೆಡುತ್ತದೆ ಎಂಬುದನ್ನು ಶಮೀಮಬಾನು ಅವರು ನಮಗೆ ವಿವರಿಸಿದ ಹಾಗೆಯೇ ಬರೆಯುತ್ತೇನೆ. ಗುಡ್ಡದ ಇಳಿಜಾರಿನಲ್ಲಿ ಬೇರು ಮಣ್ಣನ್ನು ಹಿಡಿಯುತ್ತದೆ ಎಂಬುದು ನಿಜ. ಏರಿಯ ಲೆಕ್ಕ ಬೇರೆ. ಏರಿಯ ಒಂದು ಮಗ್ಗುಲಲ್ಲಿ ಸದಾ ನೀರು ಒತ್ತುತ್ತಿರುತ್ತದೆ, ಒಂದು ಸಣ್ಣ ದಾರಿ ಸಿಕ್ಕರೆ ಸಾಕು. ಗಿಡ ಜೀವಂತ ಇರುವಾಗ ಬೇರು ಮಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಗಿಡ ಸತ್ತರೆ ಬೇರು ಕೊಳೆಯುತ್ತದೆ, ಬೇರು ಇದ್ದ ಜಾಗ ಕೊಳವೆಯಾಗುತ್ತದೆ. ಆ ಕೊಳವೆಯಲ್ಲಿ ಮೊದಲು ತಿಳಿ ನೀರು ಬರುತ್ತದೆ. ಕೊಳವೆ ಅಗಲವಾಗತೊಡಗಿದಾಗ ನೀರು ಕೆಂಪಾಗುತ್ತದೆ. ಅಲ್ಲಿಂದ ಮುಂದೆ ಏರಿ ಒಡೆಯಲು ಒಂದು ತಿಂಗಳೂ ಆಗಬಹುದು, ಒಂದು ಹಗಲೂ ಆಗಬಹುದು.

ಕಳೆದ ಮೂರು ಬೇಸಿಗೆಗಳ ಕಾವಿಗೆ ಏರಿಯ ಮೇಲಿನ ಹಳೆಯ ಗಿಡಗಳಲ್ಲಿ ಕೆಲವು ಒಣಗಿವೆ. ಅವುಗಳಲ್ಲಿ ದೊಡ್ಡದು ಸಭೆಯ ಹಿರಿಯರಾದ ಯಂಕಣ್ಣನವರ ಮುತ್ತಜ್ಜನ ಹುಣಸೆ. ಅದು ಸಾವಂತ್ರಿಯ ಬೇವಿನ ನೇರ ಮೇಲೆ, ಏರಿಯ ನೆತ್ತಿಯಲ್ಲಿದೆ. ಒಣಗಿದ ಮೇಲೂ ಅದಕ್ಕೆ ಹಬ್ಬಕ್ಕೊಮ್ಮೆ ಹೊಸ ಬಟ್ಟೆ ಸುತ್ತುತ್ತಾರೆ. ಅದರ ಬೇರುಗಳು ಕೊಳೆತು ಉಳಿದ ದಾರಿಯಲ್ಲೇ ನೀರು ಇಳಿದು ಬೇವಿನ ಬುಡದಲ್ಲಿ ಹೊರಗೆ ಬಂದಿದೆ ಎಂಬುದು ಶಮೀಮಬಾನು ಅವರ ನಿರ್ಣಯ.

ಫಕೀರವ್ವ ಐವತ್ತೈದು ದಾಟಿದವರು, ಊರಿನ ಪಂಪುಗಳನ್ನು ರಿಪೇರಿ ಮಾಡುವವರು. ಮಗಳು ಸಾವಂತ್ರಿ ಎಂಟು ವರ್ಷಗಳ ಹಿಂದೆ ಜ್ವರದಲ್ಲಿ ತೀರಿಕೊಂಡಳು. ಆಗ ಅವಳಿಗೆ ಹತ್ತೊಂಬತ್ತು. ಬೇರೆ ಮಕ್ಕಳಿಲ್ಲ. ಪ್ರತಿ ಮನೆಯವರೂ ಸರದಿಯಂತೆ ಏರಿಯ ಕೆಳಗಿನ ಅಂಚಿನಲ್ಲಿ ನಡೆದು ನೋಡಿ ಬರುವುದನ್ನು ನಾವು ‘ಬುಡಪಾಳಿ’ ಎನ್ನುತ್ತೇವೆ. ನಿನ್ನೆಯ ಪಾಳಿ ಅವರದು. ಅವರು ಕಂಡದ್ದು ತಮ್ಮ ಮಗಳ ಗಿಡದ ಬುಡದಲ್ಲಿ, ಮತ್ತು ಆ ಮಾತು ಹೇಳಿದರೆ ಮುಂದೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಅವರು ನೇರವಾಗಿ ಅಗಸಿಗೆ ಬಂದು, ನಾನು ಕಟ್ಟೆಮಾತು ಓದಿ ಮುಗಿಸುವ ಮೊದಲೇ, ‘ಗುರುಬಸ್ಯಾ, ಅದನ್ನ ಬಿಡು. ನೀರು ಕೆಂಪಾಗೇತಿ, ಮೊದಲ ಅದನ್ನ ಓದು’ ಎಂದರು.

ಮೊದಲ ತಾಸಿನಲ್ಲಿ ನಮ್ಮಿಂದ ಒಂದು ತಪ್ಪು ಆಗುವುದರಲ್ಲಿತ್ತು. ಹತ್ತಾರು ಜನ ಬುಟ್ಟಿಯಲ್ಲಿ ಜಿಗುಟು ಮಣ್ಣು, ಒಬ್ಬರು ಸಿಮೆಂಟು ಹೊತ್ತು ತೂತು ಮುಚ್ಚಲು ಓಡಿದರು. ಶಮೀಮಬಾನು ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಇಲ್ಲಿ ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆದು ಬರುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಮಾತ್ರ ತಡೆಯಬೇಕು ಎಂದರು. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು, ಹೀಗೆ ಒಂದು ಜರಡಿಯನ್ನು ತಲೆಕೆಳಗಾಗಿ ಕಟ್ಟಿದ ಹಾಗೆ ಒಸರಿನ ಮೇಲೆ ಹೇರಿಸಿದರು. ಸಂಜೆಯ ಹೊತ್ತಿಗೆ ನೀರಿನ ಬಣ್ಣ ಸ್ವಲ್ಪ ತಿಳಿಯಾಗಿತ್ತು. ಪೂರ್ತಿ ತಿಳಿಯಾಗಿಲ್ಲ. ನಿಮ್ಮ ಕಾಲದಲ್ಲಿ ಏರಿಯ ಕೆಳಗೆ ಬರೀ ಹೊಲಗಳಿದ್ದವು. ಈಗ ಅಲ್ಲಿ ಕೆಳಗಿನ ಓಣಿ ಇದೆ. ಅಲ್ಲಿಯವರೆಲ್ಲ ನಿನ್ನೆಯಿಂದ ಗುಡ್ಡದ ಮೇಲಿನ ಶಾಲೆಯಲ್ಲಿದ್ದಾರೆ.

ಇಂದು ಮುಂಜಾನೆ ಸಭೆ ಸೇರಿತು. ಫಕೀರವ್ವನವರಿಗೆ ಗಿಡದ ಹೇಳಿಕೆ ಕೊಡುವುದಷ್ಟೇ ಕೆಲಸ, ಅವರು ಹೂಂ ಎನ್ನುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಯಂಕಣ್ಣನವರು ಎದ್ದು, ‘ನೀರು ಎಲ್ಲಿ ಬಂದೈತೋ ಅಲ್ಲೀದು ಅಷ್ಟ ತಗಿಯೂಣು. ಎಲ್ಲಾ ಗಿಡಾ ಕಡೀತೀವಿ ಅಂದ್ರ ಊರು ತಡಕೊಳ್ಳಂಗಿಲ್ಲ’ ಎಂದರು.

ಫಕೀರವ್ವ ಕೂತಲ್ಲಿಂದಲೇ ಹೇಳಿದರು: ‘ನೀರು ಹೊರಗ ಬಂದಿದ್ದು ನನ್ನ ಮಗಳ ಕಾಲಾಗ, ಖರೆ ಐತಿ ಕಾಕಾ. ಆದರ ಹಾದು ಬಂದಿದ್ದು ನಿಮ್ಮ ಮುತ್ಯಾನ ಹೊಟ್ಟ್ಯಾಗಿಂದ.’

ಕೆಲವರು ನಕ್ಕರು. ಹಿಂದಿನಿಂದ ಒಬ್ಬರು, ‘ಹೇಳಲಾರದ ಸುಮ್ನ ಇದ್ದಿದ್ರ ಆಗತಿತ್ತಿಲ್ಲೊ ಯವ್ವಾ? ನೀನ ಹೇಳಿದಿ, ಈಗ ನೀನ ತಕರಾರು ತಗೀತಿ’ ಎಂದರು.

‘ಪಾಳಿಗೆ ಹೋದಾಕಿ ಕಣ್ಣು ಮುಚಗೊಂಡು ಅಡ್ಡ್ಯಾಡಬೇಕಿತ್ತೇನ? ನಿಮ್ಮ ಮನಿ ನಲ್ಲ್ಯಾಗ ಬರೂದೂ ಅದ ನೀರು’ ಎಂದರು ಫಕೀರವ್ವ.

‘ಆಕಿಗೆ ತನ್ನ ಸಂಕಟ ಊರಿಗೆಲ್ಲಾ ಹಂಚಬೇಕಾಗೇತಿ’ ಎಂದು ಮತ್ತೊಬ್ಬ ಹೆಂಗಸು ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಫಕೀರವ್ವ ಅತ್ತ ತಿರುಗಿದರು. ‘ಹಂಚಾಕ ಅದೇನು ಪ್ರಸಾದ ಅಲ್ಲ ತಂಗಿ. ನಂದೊಂದು ಕಡದು, ನಿಮ್ಮವೆಲ್ಲಾ ಉಳಿಸ್ಕೊಂಡು, ಮುಂದಿನ ವರ್ಷ ಮತ್ತ ನೀರು ಕೆಂಪಾತು ಅಂದ್ರ ನನ್ನ ಮಗಳು ಹೋಗಿದ್ದು ಯಾತಕ್ಕ? ಎಲ್ಲಾವೂ ಹೋಗೂದಾದ್ರ ನಂದೂ ಹೋಗಲಿ. ಇಲ್ಲಾಂದ್ರ ನಾ ಹೂಂ ಅನ್ನಾಕಿ ಅಲ್ಲ.’

ಸಭೆ ಶಮೀಮಬಾನು ಅವರ ಕಡೆ ನೋಡಿತು. ಒಂದು ಗಿಡ ತೆಗೆದರೆ ಸಾಲುತ್ತದೆಯೇ ಎಂದು ಯಂಕಣ್ಣನವರೇ ಕೇಳಿದರು. ‘ಇವತ್ತಿಗೆ ಸಾಲಬಹುದ್ರಿ. ಮುಂದ ಇನ್ನೊಂದು ಗಿಡದ ಬುಡದಾಗ ಬರ್ತೈತಿ. ಯಾರ ಗಿಡ ಅಂತ ಮಾತ್ರ ಕೇಳಬ್ಯಾಡ್ರಿ, ಅದನ್ನ ಹೇಳಾಕ ನನಗ ಆಗೂದಿಲ್ಲ. ನಮ್ಮ ಅಬ್ಬಾಂದೂ ಅಲ್ಲೇ ಐತಿ’ ಎಂದು ಅವರು ಉತ್ತರಿಸಿದರು.

ಏರಿಯ ಮೇಲೆ ಗಿಡವಿಲ್ಲದ ಮನೆ ಆ ಸಭೆಯಲ್ಲಿ ಒಂದೂ ಇರಲಿಲ್ಲ. ಹೋದ ತಿಂಗಳು ಗಂಡನ ಹೆಸರಿನಲ್ಲಿ ಗಿಡ ನೆಟ್ಟ ಒಬ್ಬರು ಎದ್ದು ಹೊರಗೆ ಹೋದರು, ಮತ್ತೆ ಒಳಗೆ ಬಂದು ಕೂತರು. ಕೊನೆಗೆ ಯಂಕಣ್ಣನವರು ಎದ್ದು ಹೇಳಿದರು: ‘ನಮ್ಮ ಮುತ್ಯಾ ಬದಕಿದ್ದಾಗ ಬಾಜೂ ಮನ್ಯಾರಿಗೆ ಒಂದು ತಂಬಿಗಿ ನೀರು ಕೊಟ್ಟಾವ ಅಲ್ಲಂತ. ಸತ್ತ ಮ್ಯಾಲೆ ಕಟ್ಟೀನ ಖಾಲಿ ಮಾಡಾಕ ನಿಂತಾನ ನೋಡ್ರಿ.’ ಸಭೆ ನಕ್ಕಿತು. ಅವರು ನಗಲಿಲ್ಲ. ‘ಕಡೀರಿ. ಎಲ್ಲಾ ಕಡೀರಿ’ ಎಂದು ಕೂತರು. ಆಮೇಲೆ ಕೈ ಎತ್ತಲು ಹೇಳಿದಾಗ ಎತ್ತದವರು ಕೆಲವರಿದ್ದರು, ಬೇಡವೆಂದವರು ಇರಲಿಲ್ಲ.

ಫಕೀರವ್ವ ಹೂಂ ಎಂದರು. ಒಂದು ಮಾತು ಸೇರಿಸಿದರು: ‘ಮ್ಯಾಲಿಂದ ಕಡದು ಬೇರು ಬಿಡಬ್ಯಾಡ್ರಿ. ಹಂಗ ಮಾಡಿದ್ರ ಕಡದದ್ದೂ ದಂಡ, ಆಕಿ ಹೋದದ್ದೂ ದಂಡ.’ ಬೇರು ಬಿಡುವುದಿಲ್ಲ ಎಂದು ಶಮೀಮಬಾನು ಅವರು ಎಲ್ಲರ ಮುಂದೆ ಮಾತು ಕೊಟ್ಟರು. ಬೇರು ಅಗೆದು ತೆಗೆದು, ಗುಂಡಿಗೆ ಒಳ್ಳೆಯ ಮಣ್ಣನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಗುದ್ದಿ, ಮತ್ತೆ ಹರಡಿ ಗುದ್ದಬೇಕು. ಒಂದು ಗಿಡಕ್ಕೆ ಮೂರು ನಾಲ್ಕು ದಿನದ ಕೆಲಸ. ಏರಿಯ ಮೇಲೆ ನಾನೂರಕ್ಕೂ ಹೆಚ್ಚು ಗಿಡಗಳಿವೆ. ಹಲವು ವರ್ಷ ಹಿಡಿಯುತ್ತದೆ.

ಇದಕ್ಕಾಗಿ ಕಟ್ಟೆಯ ನೀರನ್ನು ತೀರ ಕೆಳಗೆ ಇಳಿಸಬೇಕು. ಬೇಸಿಗೆಯ ಹೊಸ್ತಿಲಲ್ಲಿ ಹಿಡಿದಿಟ್ಟ ನೀರನ್ನು ನಾವೇ ಬಿಡುತ್ತಿದ್ದೇವೆ. ಸಿಕ್ಕಷ್ಟನ್ನು ಕಾಲುವೆ ತೋಡಿ ಹಳೆಯ ಕಲ್ಲು ಕ್ವಾರಿಗೆ ತಿರುಗಿಸಿದ್ದೇವೆ, ಮನೆಗಳ ತೊಟ್ಟಿಗಳನ್ನೆಲ್ಲ ತುಂಬಿಸುತ್ತಿದ್ದೇವೆ. ಎಷ್ಟು ಉಳಿಸಿದರೂ ಜೂನ್ ತಲುಪುವುದು ಕಷ್ಟವೆಂಬುದು ಅಂದಾಜು. ದನಕರು ಇರುವ ಕೆಲವು ಮನೆಯವರು ಮಳೆ ಬರುವವರೆಗೆ ನೆಂಟರ ಊರುಗಳಿಗೆ ಹೋಗುತ್ತಾರೆ. ಕಟ್ಟೆಯ ನೀರು ಇಳಿಯುವವರೆಗೆ ಮರಳು ಜಲ್ಲಿಯ ಹೇರು ತಡೆಯುತ್ತದೆಯೇ ಎಂದು ಕೇಳಿದರೆ ಶಮೀಮಬಾನು ಅವರು ತಡೆಯಬೇಕು ಎನ್ನುತ್ತಾರೆ, ತಡೆಯುತ್ತದೆ ಎನ್ನುವುದಿಲ್ಲ.

ಹಿರಿಯರೇ, ನಿಮ್ಮ ಮೇಲೆ ನಮಗೆ ದೂರು ಇಲ್ಲ. ನಿಮ್ಮ ಹೊಂಗೆ ಈಗಲೂ ಹಸಿರಾಗಿದೆ. ಅದರ ಕೆಳಗೆ ಕೂತವರಲ್ಲಿ ನಾನೂ ಒಬ್ಬ. ನೀವು ಪ್ರೀತಿಯಿಂದ ಮಾಡಿದ್ದನ್ನು ನಾವು ಪ್ರೀತಿಯಿಂದಲೇ ನಾನೂರು ಸಲ ಮಾಡಿದೆವು. ಕಾಗದ ನಿಮ್ಮ ಕೈಗೆ ಹೇಗಾದರೂ ಬರುವುದಾದರೆ ನಮ್ಮ ಕೋರಿಕೆ ಇಷ್ಟು. ಸತ್ತವರಿಗೆ ಗಿಡ ನೆಡಿ, ಖಂಡಿತ ನೆಡಿ. ಆದರೆ ಕೋಡಿಯ ಆಚೆಯ ಗುಡ್ಡದ ಮೇಲೆ ನೆಡಿ. ಅಲ್ಲಿ ಬೇರು ಹಿಡಿದ ಮಣ್ಣು ಕಟ್ಟೆಗೆ ಹೂಳಾಗಿ ಇಳಿಯುವುದೂ ತಪ್ಪುತ್ತದೆ. ಏರಿಯನ್ನು ಹುಲ್ಲಿಗೆ ಬಿಡಿ, ಹುಲ್ಲನ್ನು ಗಿಡ್ಡವಾಗಿ ಕೊಯ್ಯಿಸಿ, ತೇವ ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತಿರಲಿ. ತಿಳಿ ನೀರು ಒಸರಿದರೆ ಮುಚ್ಚಬೇಡಿ, ದಿನವೂ ನೋಡಿ. ಏರಿಯ ಕೆಳಗಿನ ಹೊಲಗಳಲ್ಲಿ ಮನೆ ಕಟ್ಟಲು ಬಿಡಬೇಡಿ. ಮತ್ತು ಗಿಡ ತೆಗೆಯಿರಿ ಎಂದು ಯಾರಾದರೂ ಹೇಳಲು ಬಂದರೆ, ಏರಿಯನ್ನು ಎತ್ತರ ಮಾಡಿ ಅವರನ್ನು ಕಳಿಸಬೇಡಿ. ನೀವು ಈ ಮಾತು ನಡೆಸಿಕೊಟ್ಟರೆ ಸಾವಂತ್ರಿಯ ಬೇವು ಏರಿಯ ಮೇಲೆ ಇರುವುದೇ ಇಲ್ಲ, ಗುಡ್ಡದ ಮೇಲೆ ಇರುತ್ತದೆ. ಹಾಗಾಗಲಿ ಎಂದು ಫಕೀರವ್ವನವರೂ ಬರೆಯಲು ಹೇಳಿದ್ದಾರೆ.

ಇದನ್ನು ನಿಮ್ಮ ಹೊಂಗೆಯ ಹೇಳಿಕೆಯೆಂದು ತಿಳಿಯಬೇಕು.

ತೂಬು ಇಂದು ಮಧ್ಯಾಹ್ನದಿಂದ ಮುಕ್ಕಾಲು ತೆರೆದಿದೆ. ನಾಳೆ ಬೆಳಿಗ್ಗೆ ಈ ಕಾಗದವನ್ನು ಹೊಂಗೆಯ ಮುಂದೆ ಓದಲಾಗುತ್ತದೆ. ನೀರಿನ ಮಟ್ಟ ಬೇವಿನ ಬುಡಕ್ಕಿಂತ ಕೆಳಗೆ ಇಳಿದ ಮೇಲೆ, ಮಾರ್ಚ್ ಹನ್ನೆರಡರಂದು, ಕಡಿಯುವ ಕೆಲಸ ಆರಂಭವಾಗುತ್ತದೆ. ಆ ದಿನ ಒಂದೇ ಗಿಡಕ್ಕೆ ಕೈ ಹಾಕಲಾಗುತ್ತದೆ, ನೀರು ಹೊರಬಿದ್ದ ಕಡೆಯ ಸಾವಂತ್ರಿಯ ಬೇವಿಗೆ.